ಎರಡು ಕೀಲಿಯ ಆಟದ ಪೆಟ್ಟಿಗೆಗೆ

ವಿಶಾಖಪಟ್ಟಣದಂಚಿನ ಪೆಂಡುರ್ತಿಯ ನಮ್ಮ ಬಾಡಿಗೆ ಮನೆಯ ಟಿವಿ ಮಗ್ಗುಲಲ್ಲಿ, ಕೊಂಡಪಲ್ಲಿಯ ಬಣ್ಣದ ಮರದ ಡಬ್ಬಿಯೊಳಗೆ ಬಿಜಯಂಗೈದಿರುವ ಮಾನ್ಯ ಪುಟಾಣಿ ಕಂಪ್ಯೂಟರ್ ಬೋರ್ಡ್ ಮಹಾಶಯರೇ, ತಮ್ಮ ಕೆಂಪು ದೀಪಕ್ಕೂ ಸದಾ ಬಿಸಿಯಾಗಿರುವ ತಲೆಗೂ ಮೃಣಾಲಿನಿಯ ನಮಸ್ಕಾರಗಳು.

ಅಂಗೈಯಷ್ಟಿರುವ ತಮ್ಮನ್ನು ಹಳೆಯ ವಿಡಿಯೋ ಗೇಮುಗಳ ಯಂತ್ರವನ್ನಾಗಿಸಲು ನಾನೂ ನಮ್ಮ ಯಜಮಾನರು ಭರತೇಶರೂ ಪಟ್ಟ ಪಾಡು ತಮಗೆ ತಿಳಿಯದ್ದಲ್ಲ. ಮೆಮೊರಿ ಕಾರ್ಡಿಗೆ ಎಲ್ಲ ತುಂಬಿದರೂ ಟಿವಿ ಕಪ್ಪಗೇ ಕೂತಿತ್ತು. ಫೋನಿನ ಚಾರ್ಜರ್ ಚುಚ್ಚಿದರೆ ಕರೆಂಟು ಸಾಲದೆಂದು ತಾವು ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ತೋರಿಸಿ ಮುನಿಸಿಕೊಂಡಿರಿ. ಕೊನೆಗೂ ಟ್ಯಾಂಕ್ ಯುದ್ಧದ ಆಟ ಶುರುವಾದರೆ, ಎಡಕ್ಕೆ ಒತ್ತಿದ ನನ್ನ ಟ್ಯಾಂಕು ಬಲಕ್ಕೆ ಹೋಗಿ ಯಜಮಾನರ ಟ್ಯಾಂಕಿಗೇ ಗುಂಡು ಹೊಡೆಯಿತು. ಆದರೂ ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಆಡುತ್ತಿದ್ದ ಆ ಆಟದ ಸಂಗೀತ ಮತ್ತೆ ಕೇಳಿದಾಗ, ಅಯ್ಯೋ, ಇಬ್ಬರೂ ಸೋಫಾ ಬಿಟ್ಟು ನೆಲಕ್ಕಿಳಿದು ಕೂತುಬಿಟ್ಟೆವು.

ಇನ್ನು ನನ್ನ ದೂರು. ನಾವಿಬ್ಬರೂ ಬ್ಯಾಂಕಿನ ಅಧಿಕಾರಿಗಳು. ವರ್ಗಾವಣೆಯ ಕೃಪೆಯಿಂದ ನಾನು ವಿಶಾಖಪಟ್ಟಣದಲ್ಲಿ, ಅವರು ವಿಜಯವಾಡದಲ್ಲಿ; ವಾರದ ಕೊನೆಗೆ ಅವರು ರೈಲು ಹತ್ತಿ ಬಂದರಷ್ಟೇ ಭೇಟಿ. ತಿಜೋರಿಗೆ ಎರಡು ಕೀಲಿ, ಇಬ್ಬರು ಸೇರಿದರಷ್ಟೇ ತೆರೆಯಬೇಕೆಂಬ ನಮ್ಮ ಪದ್ಧತಿಯನ್ನು ತಮಗೂ ಅನ್ವಯಿಸಿ, ಒಬ್ಬರನ್ನು ಬಿಟ್ಟು ಒಬ್ಬರು ಆಡಬಾರದೆಂದು, ಪಾಸ್‌ವರ್ಡಿನ ಮೊದಲರ್ಧ ನಾನು, ಉಳಿದರ್ಧ ಅವರು ಗುಟ್ಟಾಗಿ ಹಾಕಿದೆವು. ಅಂದಿನಿಂದ ವಾರವಿಡೀ ತಾವು ಮನೆಯೊಡತಿಯನ್ನೇ ದಾರಿಹೋಕಳಂತೆ ಹೊರಗೆ ನಿಲ್ಲಿಸಿದ್ದೀರಿ. ಏನು ನಿಷ್ಠೆ, ಏನು ನಿಯಮಪಾಲನೆ! ತಮ್ಮಂಥ ಒಬ್ಬ ಕ್ಯಾಷಿಯರ್ ನಮ್ಮ ಶಾಖೆಯಲ್ಲಿದ್ದಿದ್ದರೆ ಆಡಿಟಿನವರು ಬರೀ ಕಾಫಿ ಕುಡಿದು ಹೋಗುತ್ತಿದ್ದರು.

ಉಪಕಾರವನ್ನೂ ಮರೆಯಬಾರದು. ಮೊದಲೆಲ್ಲ ಮೀಟಿಂಗು, ತಲೆನೋವು, ಸೀಟಿಲ್ಲ ಎಂದು ರಾಗ ಎಳೆಯುತ್ತಿದ್ದ ಯಜಮಾನರು ತಾವು ಬಂದ ಮೇಲೆ ಒಂದು ವಾರವೂ ತಪ್ಪಿಸಿಲ್ಲ. ನನಗಾಗಿ ಬರುತ್ತಾರೋ ಟ್ಯಾಂಕಿಗಾಗಿಯೋ ಎಂದು ಕೆದಕಲು ನಾನು ಹೋಗಿಲ್ಲ, ಬಂದರೆ ಸಾಕು.

ಆದರೆ ನಿನ್ನೆ ಅವರ ಸಂದೇಶ ಬಂತು: ಈ ವಾರ ಬರುವುದು ಅನುಮಾನ, ನನ್ನ ಅರ್ಧ ಪಾಸ್‌ವರ್ಡ್ ಕಳಿಸುತ್ತೇನೆ, ನೀನೇ ಆಡಿಕೋ ಎಂದು. ನೋಡಿದಿರಾ ಔದಾರ್ಯ! ಫೋನಿನಲ್ಲಿ ಯಾರಿಗೂ ಪಾಸ್‌ವರ್ಡ್ ಕೊಡಬೇಡಿರೆಂದು ದಿನವಿಡೀ ಗ್ರಾಹಕರಿಗೆ ತೆಲುಗಿನಲ್ಲಿ ಬೋಧಿಸುವ ಮನುಷ್ಯ! ಎರಡು ಟ್ಯಾಂಕನ್ನೂ ಒಬ್ಬಳೇ ಓಡಿಸಲು ವಿಜಯವಾಡದ ಇಂದ್ರಕೀಲಾದ್ರಿ ಬೆಟ್ಟದ ದುರ್ಗಮ್ಮನಿಗಾದರೆ ಎಂಟು ಕೈ, ನನಗೆ ಎರಡೇ. ಕೋಪವೂ ಬಂತು, ಅಳುವೂ ಬಂತು.

ಆದ್ದರಿಂದ, ಯಜಮಾನರು ಖುದ್ದಾಗಿ ಪಕ್ಕದಲ್ಲಿ ಕೂತಿರದಿದ್ದರೆ ಸರಿಯಾದ ಪಾಸ್‌ವರ್ಡನ್ನೂ ತಪ್ಪೆಂದೇ ತೋರಿಸತಕ್ಕದ್ದೆಂದು ಬೇಡುತ್ತೇನೆ. ಪುರುಸೊತ್ತಾದರೆ ನಮ್ಮ ವಲಯ ಕಚೇರಿಯಲ್ಲಿರುವ ತಮ್ಮ ಕುಲಬಾಂಧವ ಕಂಪ್ಯೂಟರುಗಳಿಗೆ ಒಂದು ಮಾತು ಹೇಳಿ, ಯಜಮಾನರ ವರ್ಗಾವಣೆಯನ್ನು ಇಲ್ಲಿಗೇ ಮಾಡಿಸಿಕೊಡಬೇಕು.

ತಮ್ಮ ಹೊಸ್ತಿಲಾಚೆ ಕಾದು ಕೂತಿರುವ
ತಮ್ಮ ವಿಶ್ವಾಸಿ,
ಮೃಣಾಲಿನಿ
(ಮೊದಲರ್ಧ)

ತಾ.ಕ.: ಸಹಿ ಹಾಕುವಷ್ಟರಲ್ಲಿ ಅವರ ಅರ್ಧ ಬಂದೇಬಿಟ್ಟಿತು. ಕೈ ಸುಮ್ಮನಿರದೆ ಒತ್ತಿದೆ. ಇಷ್ಟುದ್ದ ಬರೆಸಿಕೊಂಡ ತಾವು ಒಂದಿಷ್ಟೂ ನಾಚಿಕೆಯಿಲ್ಲದೆ ಥಟ್ಟನೆ ತೆರೆದುಕೊಂಡಿರಿ! ತಕ್ಷಣ ಸ್ವಿಚ್ಚು ಆರಿಸಿ, ತಪ್ಪು ಅನ್ನುತ್ತಿದೆ, ನೀವೇ ಬಂದು ಒತ್ತಬೇಕು ಎಂದು ಅವರಿಗೆ ಬರೆದೆ. ಶನಿವಾರದ ರೈಲಿಗೆ ಟಿಕೆಟ್ ಆಯಿತಂತೆ. ಅವರೆದುರು ಬಾಯಿ ಬಿಟ್ಟೀರಿ ಜೋಕೆ, ಈ ಸುಳ್ಳಿಗೆ ತಾವೂ ಜಂಟಿ ಹೊಣೆಗಾರರು.