ಎಷ್ಟು ಜನ ಎತ್ತಬೇಕು?

ಅಳಬೇಕಾದ ಕಡೆ ನಗುವ ಪ್ರಸಂಗ ನನಗೆ ಮೇಲಿಂದ ಮೇಲೆ ಒದಗುತ್ತದೆ. ನಾನು ಬೇಕೆಂದು ಮಾಡುವುದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೋಟೆಲಿನ ಗಲ್ಲಾದಿಂದ ನಿವೃತ್ತನಾದ ಮೇಲೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಊರಿನವರ ಒಂದು ಸಣ್ಣ ಸೇವಾ ಮಂಡಳಿಗೆ ಸೇರಿದೆ. ಮುರಬಾಡಿನ ಆಚೆ ಹಳ್ಳ ದಾಟಿ ಹೋಗಬೇಕಾದ ಒಂದು ಆದಿವಾಸಿ ಹಾಡಿ ಇದೆ. ಕಳೆದ ಮಳೆಗಾಲದಲ್ಲಿ ಅಲ್ಲಿಯ ಬಸುರಿಯೊಬ್ಬಳನ್ನು ಡೋಲಿಯಲ್ಲಿ, ಅಂದರೆ ಬಿದಿರಿಗೆ ಸೀರೆ ಕಟ್ಟಿ ಅದರೊಳಗೆ ಮಲಗಿಸಿ, ಹೊತ್ತು ತರುತ್ತಿದ್ದರು. ಡಾಂಬರು ರಸ್ತೆ ಮುಟ್ಟುವ ಮೊದಲೇ ತಾಯಿ ಮಗು ಇಬ್ಬರೂ ಹೋದರು. ಮುಂದಿನ ಮಳೆಗಾಲದ ಮೊದಲು ಎಂಥ ದಾರಿಯಲ್ಲೂ ಹೋಗುವ ಗಾಡಿ ಕೊಳ್ಳಬೇಕೆಂದು ಮಂಡಳಿ ತೀರ್ಮಾನಿಸಿತು. ಆರಿಸುವವರು ಮೂವರು: ಅಧ್ಯಕ್ಷರು, ಹುಬ್ಬಳ್ಳಿ ಕಡೆಯ ಡ್ರೈವರ್, ಮತ್ತು ನಾನು. ನನ್ನ ತೂಕ ನೂರಾ ಎಂಟು ಕಿಲೋ. ಇದು ಮುಂದೆ ಬೇಕಾಗುತ್ತದೆ.

೧. ಹೊಸ ಗಾಡಿ

ಥಾಣೆಯ ಶೋರೂಮಿನವನು, "ಗುಡ್ಡ, ಮರಳು, ಹೊಳೆ, ಎಲ್ಲಿ ಬೇಕಾದರೂ ಹೋಗುತ್ತೆ ಸರ್" ಅಂದ.

"ಎಲ್ಲಿ, ಓಡಿಸಿ ತೋರಿಸಿ ಮಾರಾಯ್ರೆ" ಅಂದರು ಅಧ್ಯಕ್ಷರು.

ಮಾಜಿವಾಡಾದ ಹತ್ತಿರ ನೀರಿನ ಟ್ಯಾಂಕರ್ ಸೋರಿ ರಸ್ತೆಯ ಗುಂಡಿ ತುಂಬಿತ್ತು. ಹೊಳೆ ದಾಟುವ ಗಾಡಿ ಅದರ ಪಕ್ಕದಿಂದ ಸುತ್ತಿಕೊಂಡು ಹೋಯಿತು. ಯಾಕೆಂದು ಕೇಳಿದೆವು.

"ಕೆಸರು ಹತ್ತಿದರೆ ಮ್ಯಾನೇಜರ್ ಬೈತಾರೆ ಸರ್."

೨. ಮಲಗಿ ನೋಡುವುದು

ಕಲ್ಯಾಣದಲ್ಲಿ ಹಳೇ ಗಾಡಿ ಮಾರುವವನ ಬಳಿ ಒಂದು ದೊಡ್ಡ ಜೀಪಿತ್ತು. "ಪೇಷಂಟ್ ಮಲಗಲಿಕ್ಕೆ ಆಗ್ತದಾ ನೋಡ್ಬೇಕಲ್ಲ, ನೀವೇ ಮಲಗಿ" ಅಂದರು ಅಧ್ಯಕ್ಷರು. ಮಲಗಿದೆ. ಕಾಲು ಹಿಂದಿನ ಬಾಗಿಲಿನಿಂದ ಹೊರಗೆ ಉಳಿಯಿತು. ಡ್ರೈವರ್ ಹಾಗೆಯೇ ಗಾಡಿಯನ್ನು ರಸ್ತೆಗಿಳಿಸಿದ. ಧೂಳು ಬಹಳ ಇದ್ದುದರಿಂದ (ಬೇರೆ ಕಾರಣವಿಲ್ಲ) ಸೀಟಿನ ಮೇಲಿದ್ದ ಬಿಳಿ ಚಾದರವನ್ನು ಮುಖದ ಮೇಲೆ ಎಳೆದುಕೊಂಡೆ. ಸಿಗ್ನಲ್ಲಿನಲ್ಲಿ ಯಾರೋ ಹಾರ್ನ್ ನಿಲ್ಲಿಸಿದರು. ಪಾನ್ ಅಂಗಡಿಯವನು ಟೋಪಿ ತೆಗೆದು ಕೈಮುಗಿದನಂತೆ. ನಾನು ಗಾಬರಿಯಿಂದ ಏಳಹೊರಟೆ.

ಡ್ರೈವರ್ ಹಿಂದೆ ತಿರುಗದೆ ಹೇಳಿದ: "ಕಾಕಾರ, ಅಳ್ಳಾಡಬ್ಯಾಡ್ರಿ. ಮಂದಿ ದಾರಿ ಬಿಡಾಕತ್ತಾರ."

೩. ಅಜ್ಜಿಯ ಪ್ರಶ್ನೆ

ಅದೇ ಜೀಪನ್ನು ಒಂದು ದಿನಕ್ಕೆ ಕೇಳಿ ಪಡೆದು ಹಾಡಿಗೆ ಒಯ್ದೆವು. ತೀರಿಹೋದ ಹೆಂಗಸಿನ ಅತ್ತೆ, ಅಂದರೆ ಅಲ್ಲಿಯ ಅಜ್ಜಿ, ಜೀಪಿಗೆ ಒಂದು ಸುತ್ತು ಹಾಕಿದಳು. ಅಧ್ಯಕ್ಷರು ತಮ್ಮ ಹೋಟೆಲ್ ಮರಾಠಿಯಲ್ಲಿ ಎಂಜಿನಿನ ಶಕ್ತಿ ವಿವರಿಸಿದರು. ಅಜ್ಜಿ ಕೇಳಿದ್ದು ಒಂದೇ: "ಹಳ್ಳದಲ್ಲಿ ಹೂತರೆ ಎತ್ತಲು ಎಷ್ಟು ಜನ ಬೇಕು?"

ಡ್ರೈವರ್ ಯೋಚಿಸಿ, "ಹದಿನೈದು" ಅಂದ.

"ಹಗಲಲ್ಲಿ ಇಲ್ಲಿರೋದು ಏಳು ಜನ. ಉಳಿದವರು ಭಿವಂಡಿಯ ಗೋದಾಮಿನಲ್ಲಿ. ಅವತ್ತು ನಾಲ್ಕೇ ಜನ ಇದ್ದರು. ಹೆಗಲು ಬದಲಿಸೋಕೆ ಯಾರೂ ಇರಲಿಲ್ಲ, ಇಳಿಸಿ ಇಳಿಸಿ ತಂದರು. ಅದಕ್ಕೇ ತಡವಾಯಿತು."

ಅಜ್ಜಿ ಜೀಪಿನ ಬಾನೆಟ್ ತಟ್ಟಿದಳು. "ಸೊಸೆಯನ್ನು ಹೊತ್ತೆವು. ಇನ್ನು ಇದನ್ನೂ ನಾವೇ ಹೊರಬೇಕಾ?"

ದೊಡ್ಡ ಜೀಪು ವಾಪಸಾಯಿತು. ಸಿಕ್ಕವುಗಳಲ್ಲೆಲ್ಲ ಹಗುರವಾದ, ಏಳು ಜನ ಎತ್ತಬಹುದಾದ, ಕ್ಯಾನ್ವಾಸ್ ಮಾಡಿನ ಒಂದು ಪುಟ್ಟ ಹಳೇ ಜೀಪು ಕೊಂಡೆವು. ಅಧ್ಯಕ್ಷರಿಗೆ ಅದರ ಮುಂದೆ ಫೋಟೋ ತೆಗೆಸಿಕೊಳ್ಳಲು ನಾಚಿಕೆಯಾಯಿತು.

೪. ತೂಕ

ಮಳೆ ಹಿಡಿದ ಮೂರನೇ ವಾರ ಅಜ್ಜಿಯ ಕಿರಿ ಸೊಸೆಗೆ ನೋವು ಬಂತು. ಆಸ್ಪತ್ರೆಯ ಫಾರಂ ತುಂಬಲು ನಾನೂ ಹೋಗಿದ್ದೆ. ಹಳ್ಳದಲ್ಲಿ ಹಿಂದಿನ ಚಕ್ರ ಹೂತಿತು. ಏಳು ಜನ ಓಡಿ ಬಂದು ಎತ್ತಿ ನೋಡಿದರು, ಜೀಪು ಅಲುಗಲಿಲ್ಲ. ಹಿಂದೆ ಮಲಗಿದ್ದ ಆ ಹುಡುಗಿ, ತಾನು ಭಾರವಾದೆನೆಂದು, ನರಳುತ್ತಲೇ ಇಳಿಯಲು ಹೊರಟಳು.

"ನೀನು ಮಲಗು" ಎಂದು ಅಜ್ಜಿ ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಶೇಠ್, ನೀವು ಇಳೀರಿ."

ಇಳಿದೆ. ಮೊಣಕಾಲಿನವರೆಗೆ ನೀರು. ಈಗ ಒಂದೇ ಸಲ ಎತ್ತಿದ್ದಕ್ಕೆ ಜೀಪು ಮೇಲೆ ಬಂತು.

ಕಲ್ಯಾಣ ಮುಟ್ಟಿದ ಅರ್ಧ ಗಂಟೆಗೆ ಹೆಣ್ಣು ಮಗು ಹುಟ್ಟಿತು. ತಾಯಿಯೂ ಕ್ಷೇಮ. ನರ್ಸ್ ಮಗುವನ್ನು ತಕ್ಕಡಿಯಲ್ಲಿಟ್ಟು, "ಎರಡೂವರೆ ಕಿಲೋ" ಅಂದಳು. ಅಜ್ಜಿ ತಕ್ಕಡಿಯನ್ನು ನೋಡಿದಳು, ಬಾಗಿಲಲ್ಲಿ ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ನರ್ಸ್‌ಬಾಯಿ, ಈ ಶೇಠನನ್ನೂ ಒಮ್ಮೆ ತೂಗಿಬಿಡಿ. ಮುಂದಿನ ಸಲ ಇವರೂ ಬರುವುದಾದರೆ ಎಂಟನೆಯವನೊಬ್ಬನನ್ನು ಊರಲ್ಲಿ ನಿಲ್ಲಿಸಿಕೊಳ್ಳಬೇಕು."