ನೂರಕ್ಕೆ ಎಪ್ಪತ್ತೈದು

ಲೆಕ್ಕ ಹಾಕದೆ ನಾನು ಹಲ್ಲು ಕೂಡ ಉಜ್ಜುವವನಲ್ಲ! ನಮ್ಮ ಇಡೀ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಪ್ರಾಣಿ ನಾನೇ. ಇಪ್ಪತ್ತೊಂದು ವರ್ಷದಿಂದ ಏಳನೇ ತರಗತಿಗೆ ಶೇಕಡಾವಾರು ಲೆಕ್ಕ ಕಲಿಸುತ್ತಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ನೂರಕ್ಕೆಷ್ಟು ಮೇಷ್ಟ್ರು' ಅನ್ನುತ್ತಾರೆ. ಮನೆಯಲ್ಲೂ ಅದೇ ಚಾಳಿ. ಒಮ್ಮೆ ಹೆಂಡತಿ ತಲೆನೋವು ಅಂದಳು. "ನೂರಕ್ಕೆ ಎಷ್ಟು?" ಎಂದು ಕೇಳಿದೆ. "ನೀವು ಕೇಳೋ ಮುಂಚೆ ಹತ್ತಿತ್ತು, ಈಗ ತೊಂಬತ್ತು" ಅಂದಳು.

ಇಂಥ ಗಣಿತಜ್ಞನ ಮನೆಯಲ್ಲಿ ಒಂದು ಹಳೇ ಎಸ್‌ಯುವಿ ಇದೆ. ನನ್ನ ಕೈಗೆ ಬರುವ ಮೊದಲೇ ಇಬ್ಬರ ಕೈ ದಾಟಿದ್ದು. ಬಾಗಿಲು ಹಾಕಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದನ್ನು ಕೊಂಡಿದ್ದು ಅಮ್ಮನಿಗಾಗಿ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಊರಾಚೆಯ ದಿಬ್ಬದ ಮೇಲೆ ಮಗಳ ಜೊತೆ ಇದ್ದಾರೆ. ಬಲಗೈ ಸ್ವಾಧೀನ ತಪ್ಪಿದ ಮೇಲೆ ಅವರ ತಲೆ ಬಾಚುವ ಹಕ್ಕು ಅಮ್ಮನೊಬ್ಬಳದೇ. ಸ್ವಂತ ಮಗಳೂ ಬಾಚಣಿಗೆ ಮುಟ್ಟುವಂತಿಲ್ಲ. ಪ್ರತಿ ಭಾನುವಾರ ಅಮ್ಮ ಹೋಗಿ, ತಲೆಗೆ ನೀರು ಹಾಕಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಬರಬೇಕು. ಅಷ್ಟು ಹೊತ್ತು ಇಬ್ಬರೂ ಊರವರನ್ನೆಲ್ಲ ಬೈದು ಹಗುರಾಗುತ್ತಾರೆ.

ಆ ದಿಬ್ಬದ ಜಲ್ಲಿಯಲ್ಲಿ ನಮ್ಮ ಗಾಡಿಯ ಸವೆದ ಟೈರುಗಳು ಜಾರತೊಡಗಿದವು. ಕೂಡಲೇ ಘೋಷಿಸಿದೆ: ಈ ಸಲ ಟೈರಿನ ಅಳತೆಯನ್ನು ಖುದ್ದು ನಾನೇ ತೀರ್ಮಾನ ಮಾಡುತ್ತೇನೆ!

ಹಳೇ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಓದಿದೆ. 235/75, ಆಮೇಲೆ ಚಕ್ರದ ಅಳತೆ 15. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಎತ್ತರ, ಅದೂ ಮಿಲಿಮೀಟರೇ ಎಂದು ಹೆಂಡತಿಗೆ ಪಾಠ ಮಾಡಿದೆ. 265/75 ಹಾಕಿಸಿದರೆ ಅಗಲ ಜಾಸ್ತಿ, ಹಿಡಿತ ಜಾಸ್ತಿ, ಎತ್ತರ ಮಾತ್ರ ಇದ್ದಷ್ಟೇ. ಅವಳು ತರಕಾರಿ ಹೆಚ್ಚುತ್ತಲೇ, ಟೈರ್ ಅಂಗಡಿಯವನನ್ನೂ ಒಂದು ಮಾತು ಕೇಳಿ ಅಂದಳು.

ಕೇಳುವುದೇ? ಟೈರ್ ಅಂಗಡಿಯವನು ನನ್ನ ಹಳೇ ವಿದ್ಯಾರ್ಥಿ. ಶೇಕಡಾ ಲೆಕ್ಕದ ಪರೀಕ್ಷೆಯಲ್ಲಿ ಅವನಿಗೆ ಸೊನ್ನೆ ಕೊಟ್ಟವನೇ ನಾನು! ಅವನು ತಲೆ ಕೆರೆದುಕೊಂಡು, ಸರ್, ಗಾಡಿ ಮೇಲೇಳುತ್ತೆ ಅಂದ. ನಾನು ಅವನ ಹೆಗಲು ತಟ್ಟಿ, ಎರಡೂ ಎಪ್ಪತ್ತೈದೇ ಅಲ್ವೇನಪ್ಪ ಎಂದು ತಿದ್ದಿದೆ. ಮೇಷ್ಟ್ರ ಎದುರು ಇನ್ನೇನು ಹೇಳುತ್ತಾನೆ? ನಾಲ್ಕನ್ನೂ ಹಾಕಿದ. ಆಹಾ, ಏನು ಗಾಂಭೀರ್ಯ! ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಎಲ್ಲೋ ಉಜ್ಜಿ 'ಗರ್ರ್' ಅಂದಿತು. ಹೊಸತಲ್ಲವೇ, ಸಂಕೋಚ ಇರುತ್ತದೆ ಅಂದುಕೊಂಡೆ.

ಭಾನುವಾರ ಬಂತು. ಬಾಗಿಲು ತೆಗೆದು ದ್ವಾರಪಾಲಕನ ಹಾಗೆ ನಿಂತೆ. ಅಮ್ಮ ಗಾಡಿಯ ಹತ್ತಿರ ಬಂದು ನೋಡಿ, ಈ ವಾರ ಬೇಡ ಕಣೋ, ಮೈಯಲ್ಲಿ ಹುಷಾರಿಲ್ಲ ಎಂದು ಒಳಗೆ ಹೋದಳು. ಮುಂದಿನ ಭಾನುವಾರ ಇನ್ನೊಂದು ನೆಪ. ಅಕ್ಕ ತಂಗಿಗೆ ಜಗಳವಾಗಿದೆ ಎಂದು ಲೆಕ್ಕ ಹಾಕಿದ ನಾನು ಸಂಧಾನಕ್ಕೆ ಫೋನು ಮಾಡಿದೆ. ದೊಡ್ಡಮ್ಮ ಗುಡುಗಿದರು.

"ಎಂಥಾ ಜಗಳನೋ? ತಲೆ ಗಂಟು ಕಟ್ಟಿ ಕೂತಿದೀನಿ. ಅವಳು ಬರದಿದ್ರೆ ಕತ್ತರಿಸಿ ಹಾಕ್ಬಿಡ್ತೀನಿ ಅಂತ ಹೇಳು."

ಫೋನಿಡುವಷ್ಟರಲ್ಲಿ ಹೆಂಡತಿ ಬಾಯಿ ಮೇಲೆ ಬೆರಳಿಟ್ಟು ಅಡುಗೆಮನೆಯ ಕಿಟಕಿಗೆ ಕರೆದಳು. ಶೆಡ್ಡಿನಲ್ಲಿ ಅಮ್ಮ ಒಬ್ಬಳೇ. ಗಾಡಿಯ ಬಾಗಿಲು ತೆಗೆದು, ಒಳಗಿನ ಹಿಡಿಕೆ ಹಿಡಿದು, ಕಾಲೆತ್ತುತ್ತಿದ್ದಾಳೆ. ಪಾದ ಅಂಚಿಗೆ ತಗುಲಿ ಕೆಳಗಿಳಿಯಿತು. ಇನ್ನೊಮ್ಮೆ ಎತ್ತಿದಳು. ಮತ್ತೆ ತಗುಲಿತು. ಮೂರನೇ ಸಲ ಮೊಣಕಾಲು ಹಿಡಿದುಕೊಂಡು ಸುಮ್ಮನೆ ನಿಂತಳು. ಆಮೇಲೆ ಅಂಚಿಗೆ ಮೆತ್ತಿದ್ದ ಧೂಳಿನ ಗುರುತನ್ನು ಸೆರಗಿನಿಂದ ಒರೆಸಿ, ಸದ್ದಾಗದ ಹಾಗೆ ಬಾಗಿಲು ಒತ್ತಿ ಬಂದಳು.

"ಎತ್ತರ ಇದ್ದಷ್ಟೇ ಇದೆಯಲ್ಲೇ" ಅಂದೆ, ನನಗೇ ಕೇಳದಷ್ಟು ಮೆಲ್ಲಗೆ.

"ಹಾಗಾದ್ರೆ ಅತ್ತೆ ಕುಳ್ಳಗಾದ್ರಾ?"

ಸೀದಾ ಅಂಗಡಿಗೆ ಹೋದೆ. ನನ್ನ ಸೊನ್ನೆಯ ವಿದ್ಯಾರ್ಥಿ ಕೂರಲು ಒಂದು ಟೈರು ಕೊಟ್ಟು, ಕೈಗೊಂದು ಸೀಮೆಸುಣ್ಣ ಕೊಟ್ಟ.

"ಸರ್, ಅವತ್ತೇ ಹೇಳೋಕೆ ಬಂದೆ. ಆ ಎಪ್ಪತ್ತೈದು ಮಿಲಿಮೀಟರ್ ಅಲ್ಲ. ಶೇಕಡಾ. ಅಗಲದಲ್ಲಿ ನೂರಕ್ಕೆ ಎಪ್ಪತ್ತೈದು."

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಅಷ್ಟು ದಪ್ಪ ಟೈರಿನ ಸಮೇತ ನಾನು ಹಿಡಿಸುತ್ತಿರಲಿಲ್ಲ! ನೆಲದ ಮೇಲೆ ಲೆಕ್ಕ ಬರೆದೆ. 235ರಲ್ಲಿ ನೂರಕ್ಕೆ ಎಪ್ಪತ್ತೈದು ಅಂದರೆ 176 ಚಿಲ್ಲರೆ. 265ರಲ್ಲಿ 198 ಚಿಲ್ಲರೆ. ವ್ಯತ್ಯಾಸ ಸುಮಾರು ಇಪ್ಪತ್ತೆರಡು ಮಿಲಿಮೀಟರ್, ನನ್ನ ಹೆಬ್ಬೆರಳಿನ ಅಗಲ. ಇಪ್ಪತ್ತೊಂದು ವರ್ಷ ಇದನ್ನೇ ಕಲಿಸಿದವನು ಅಮ್ಮನಿಗೂ ದೊಡ್ಡಮ್ಮನಿಗೂ ನಡುವೆ ಒಂದು ಹೆಬ್ಬೆರಳು ಅಡ್ಡ ಇಟ್ಟಿದ್ದೆ. ನನ್ನ ವಿದ್ಯಾರ್ಥಿ ನಗಲಿಲ್ಲ. ಪುಣ್ಯಾತ್ಮ, ಮರುದಿನವೇ ಹಳೇ ಅಳತೆಯ ಹೊಸ ಟೈರು ತರಿಸಿ ಹಾಕಿಕೊಟ್ಟ.

ಭಾನುವಾರ ಮತ್ತೆ ಬಾಗಿಲು ಹಿಡಿದು ನಿಂತೆ. ಅಮ್ಮ ಹಿಡಿಕೆ ಹಿಡಿದು, ಉಸಿರು ಕಟ್ಟಿ, ತುಟಿ ಕಚ್ಚಿ ಹತ್ತಿದಳು. ಹತ್ತಿದ ಮೇಲೆ ನನ್ನ ಕಡೆ ತಿರುಗಿ ನಕ್ಕಳು. ಇಷ್ಟು ವರ್ಷ ನಾನು ಕಂಡಿದ್ದು ಆ ನಗು ಮಾತ್ರ. ಈ ಗಾಡಿಯ ಎತ್ತರ ಅವಳಿಗೆ ಯಾವತ್ತೂ ಹೆಚ್ಚೇ ಆಗಿತ್ತು. ನನ್ನ ಹೆಬ್ಬೆರಳು ಅದನ್ನು ಬಯಲು ಮಾಡಿತ್ತು, ಅಷ್ಟೇ.

ಒಳಗೆ ಓಡಿ, ಮನೆಪಾಠದ ಹಲಗೆಯ ಮೇಲ್ತುದಿಗೆ ಕೈ ಎಟುಕಲೆಂದು ನಾನು ನಿಲ್ಲುವ ಮರದ ಮಣೆಯನ್ನು ತಂದು ಗಾಡಿಯಲ್ಲಿಟ್ಟೆ, ಇಳಿಯುವುದಕ್ಕೆ, ಇನ್ನು ಮುಂದೆ ಹತ್ತುವುದಕ್ಕೆ.

"ಮೊದಲಿಂದಲೂ ಕಷ್ಟ ಆಗ್ತಿತ್ತಲ್ವಾ? ಯಾಕಮ್ಮ ಹೇಳಲಿಲ್ಲ?"

"ನೀನು ಬಾಗಿಲು ಹಿಡ್ಕೊಂಡು ಅಷ್ಟು ಖುಷಿಯಾಗಿ ನಿಂತಿರ್ತಿದ್ದೆ. ಹೇಳೋಕೆ ಬಾಯಿ ಬರಲಿಲ್ಲ ಕಣೋ."

"ಎಷ್ಟು ನೋಯ್ತಿತ್ತು?"

ಅಮ್ಮ ಸೀಟಿನ ಮೇಲೆ ಸೆರಗು ಸರಿಮಾಡಿಕೊಂಡು, ಬಾಚಣಿಗೆ ಇದೆಯೇ ಎಂದು ಚೀಲ ಮುಟ್ಟಿ ನೋಡಿಕೊಂಡಳು. ಹಿಂದಿನ ಸೀಟಿನಲ್ಲಿ ಹೆಂಡತಿ ಕಿಟಕಿಯಾಚೆ ನೋಡುತ್ತ ನಗು ತಡೆಯುತ್ತಿದ್ದಳು.

"ನೂರಕ್ಕೆ ಎಪ್ಪತ್ತೈದು" ಅಂದಳು ಅಮ್ಮ. "ಮಿಲಿಮೀಟರ್ ಅಲ್ಲ ಮತ್ತೆ."