ಗಾಡಿಗೆ ನಾಲ್ಕು ಟೈರು

ವ್ಯಾಪಾರ ಮಾಡುವುದು ಹೇಗೆಂದು ನನ್ನನ್ನು ಯಾರಾದರೂ ಕೇಳಲೇಬೇಕೆಂಬ ನಿಯಮವೇನೂ ಇಲ್ಲ. ಕೇಳದಿದ್ದರೂ ಹೇಳುತ್ತೇನೆ. ಬರಿಗೈಯಲ್ಲಿ ಬೆಂಗಳೂರಿಗೆ ಬಂದು, ಚಾಮರಾಜಪೇಟೆಯಲ್ಲಿ ಬಣ್ಣದ ಅಂಗಡಿ ಇಟ್ಟು, ಎನ್.ಆರ್. ಕಾಲೋನಿಯಲ್ಲಿ ಮನೆ ಮಾಡಿದವನು ನಾನು. ಕೇಳಿದ ಬೆಲೆ ಕೊಟ್ಟು ತಂದ ಒಂದೇ ಒಂದು ವಸ್ತು ನಮ್ಮ ಮನೆಯಲ್ಲಿಲ್ಲ. ಬೇಕಾದರೆ ನನ್ನ ಹೆಂಡತಿ ಪದ್ಮಳನ್ನು ಕೇಳಿ. ಬೇಡ, ಕೇಳಬೇಡಿ.

ಈ ವಿಷಯದಲ್ಲಿ ನನ್ನದೊಂದು ಸಿದ್ಧಾಂತವಿದೆ. ಕಾರು ಇಟ್ಟುಕೊಂಡವನು ಅಂಗಡಿಯಲ್ಲಿ ‘ಕಾರು’ ಎಂಬ ಶಬ್ದವನ್ನೇ ಬಾಯಿಬಿಟ್ಟು ಆಡಬಾರದು. ಆಡಿದನೋ, ಅಂಗಡಿಯವನು ಎದ್ದು ನಿಂತು, ಫ್ಯಾನು ಹಾಕಿ, ಕಾಫಿ ತರಿಸುತ್ತಾನೆ. ಆ ಕಾಫಿ, ಆ ಫ್ಯಾನಿನ ಕರೆಂಟು, ಅವನು ಎದ್ದು ನಿಂತ ಶ್ರಮ, ಎಲ್ಲವೂ ನಮ್ಮ ಬಿಲ್ಲಿಗೇ ಬಂದು ಸೇರುತ್ತವೆ! ಆದ್ದರಿಂದ ‘ಗಾಡಿ’ ಎನ್ನಬೇಕು. ನಮ್ಮ ಊರಿನಲ್ಲಿ ಸ್ಕೂಟರೂ ಗಾಡಿ, ಲಾರಿಯೂ ಗಾಡಿ, ಕಡಲೆಕಾಯಿಯವನು ತಳ್ಳಿಕೊಂಡು ಬರುವುದೂ ಗಾಡಿ. ಎದುರಿಗಿರುವವನು ಬಡವನೋ ಬಲ್ಲಿದನೋ ಎಂದು ಅಂಗಡಿಯವನು ಗೊಂದಲಕ್ಕೆ ಬೀಳುತ್ತಾನೆ. ಗೊಂದಲದಲ್ಲಿರುವವನು ಕಡಿಮೆ ಬೆಲೆ ಹೇಳುತ್ತಾನೆ.

ಈ ಸಿದ್ಧಾಂತವನ್ನು ನೆಚ್ಚಿಕೊಂಡು ನಾನು ಮಗಳ ಮದುವೆಯನ್ನೇ ಮುರಿಯುವುದರಲ್ಲಿದ್ದೆ.

ನನ್ನ ಕಾರು ಎರಡನೇ ಮಹಾಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಕಾರು. ಬಸವನಗುಡಿಯ ನಿವೃತ್ತ ಅಧಿಕಾರಿಯೊಬ್ಬರು ಅಂಗಳ ಖಾಲಿಯಾದರೆ ಸಾಕೆಂದು ಮಾರಿದ್ದರು. ಅಲ್ಲಿಯೂ ಚೌಕಾಸಿ ಮಾಡಿ, ಅದರ ಜೊತೆಗೆ ಒಂದು ಕಬ್ಬಿಣದ ಬೀರುವನ್ನು ಎತ್ತಿಕೊಂಡು ಬಂದಿದ್ದೆ. ಎತ್ತರದ, ತೆಳ್ಳನೆಯ ಚಕ್ರಗಳು. ಆ ಅಳತೆಯ ಟೈರಿನ ಮೇಲೆ ಹೊಸ ಕಾರುಗಳು ಓಡುವುದು ನಿಂತು ಎಷ್ಟೋ ಕಾಲವಾಗಿತ್ತು. ಇದ್ದ ಟೈರುಗಳು ನನ್ನ ತಲೆಯಷ್ಟೇ ನುಣ್ಣಗಾಗಿದ್ದವು.

ಇಂಥ ಸಮಯದಲ್ಲಿ ನಮ್ಮ ಗಿರಿಜೆಗೆ ಒಂದು ಸಂಬಂಧ ಬಂತು. ಹುಡುಗ ನಾಗರಾಜ, ಬ್ಯಾಂಕಿನಲ್ಲಿ ಕೆಲಸ. ತಂದೆ ನಂಜೇಗೌಡರು ಮದ್ದೂರಿನ ಕಡೆ ಬೇಸಾಯಗಾರರು. ಅಲ್ಲಿಯವರೆಗೆ ಬಂದ ಫೋಟೋಗಳನ್ನೆಲ್ಲ ನೋಡಿ ‘ಬೇಡ’ ಎಂದಿದ್ದ ಗಿರಿಜೆ ಈ ಫೋಟೋ ನೋಡಿ ಏನೂ ಅನ್ನದೆ ಒಳಗೆ ಹೋದಳು. ಫೋಟೋವೂ ಅವಳ ಜೊತೆಗೇ ಹೋಯಿತು. ಭಾನುವಾರ ಹುಡುಗನ ಕಡೆಯವರು ಬಸ್ಸಿನಲ್ಲಿ ಕಲಾಸಿಪಾಳ್ಯಕ್ಕೆ ಬಂದಿಳಿಯುವುದು, ನಾನು ಕಾರಿನಲ್ಲಿ ಕರೆತರುವುದು ಎಂದು ಗೊತ್ತಾಯಿತು.

“ರೀ, ಟ್ಯಾಕ್ಸಿ ಮಾಡ್ಕೊಂಡು ಹೋಗಿ. ಆ ಬೋಳು ಟೈರಲ್ಲಿ ಬೀಗರನ್ನ ಕೂರಿಸ್ಕೊಂಡು ಬರ್ಬೇಡಿ,” ಎಂದಳು ಪದ್ಮ.

“ಮನೇಲಿ ಕಾರಿಟ್ಕೊಂಡು ಟ್ಯಾಕ್ಸಿನಾ? ಹೊಸ ಟೈರ್ ಹಾಕ್ಸ್ತೀನಿ ಕಣೇ.”

“ಹೊಸದು? ನೀವು?”

ಆ ‘ನೀವು’ ಎಂಬುದರಲ್ಲಿದ್ದ ಮೊನೆಯನ್ನು ಗಮನಿಸದವನಂತೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮೊದಲ ಅಂಗಡಿಯಲ್ಲಿ ಅಳತೆ ಕೇಳಿ ಇಲ್ಲವೆಂದು ತಲೆಯಾಡಿಸಿದರು. ಎರಡನೆಯದರಲ್ಲಿ ನಕ್ಕರು. ಮೂರನೆಯವನು ಮದರಾಸಿನಿಂದ ತರಿಸಿಕೊಡುತ್ತೇನೆಂದು ಬೆಲೆ ಹೇಳಿದ. ನಾನು ಅರ್ಧಕ್ಕೆ ಕೇಳಿ, ಶಾಸ್ತ್ರೋಕ್ತವಾಗಿ ಮುಖ ತಿರುಗಿಸಿ ಹೊರಟೆ. ಗಿರಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ ‘ಬನ್ನಿ ಸಾರ್’ ಎಂಬ ಕರೆ ಬರಬೇಕು. ಅದು ವ್ಯಾಪಾರದ ಧರ್ಮ. ಬರಲಿಲ್ಲ. ನಡಿಗೆ ನಿಧಾನ ಮಾಡಿದೆ. ಬಗ್ಗಿ, ಸರಿಯಾಗಿಯೇ ಇದ್ದ ಚಪ್ಪಲಿಯನ್ನು ಸರಿಮಾಡಿಕೊಂಡೆ. “ಬನ್ನಿ ಸಾರ್, ಬನ್ನಿ!” ಗೆದ್ದೆನೆಂದು ತಿರುಗಿದೆ. ಅವನು ಕರೆದದ್ದು ನನ್ನನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದ ಇನ್ನೊಬ್ಬರನ್ನು!

ಹೀಗೆ ಅಲೆಯುತ್ತ ಅಲೆಯುತ್ತ ಶುಕ್ರವಾರ ಬಂತು. ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು. ಕೊನೆಗೆ ಕಲಾಸಿಪಾಳ್ಯದ ಹಿಂದಿನ ಒಂದು ಸಂದಿಯಲ್ಲಿ ಮುನಿಯಪ್ಪ ಎಂಬುವನ ಟೈರಿನ ಅಂಗಡಿ ಸಿಕ್ಕಿತು.

“ಏನ್ ಬೇಕಿತ್ತು ಸ್ವಾಮಿ?”

“ಗಾಡಿಗೆ ಟೈರು,” ಎಂದು ಅಳತೆ ಹೇಳಿದೆ.

“ಐತೆ. ಗಾಡಿಯವ್ರು ಬಿಟ್ರೆ ಈಗ ಈ ಅಳತೆ ಯಾರೂ ಕೇಳಲ್ಲ.”

“ನಮ್ದೂ ಗಾಡೀನೇ!” ಎಂದೆ, ಒಳಗೊಳಗೇ ಹಿಗ್ಗುತ್ತ.

“ಚೆನ್ನಾಗಿ ಎಳೀತದಾ?”

“ಮಟ್ಟಸವಾಗಿದ್ರೆ ಎಳೀತದೆ. ಏರು ಬಂದ್ರೆ ಏದುಸಿರು.”

“ವಯಸ್ಸಾಯ್ತೇನೋ.”

“ಆಯ್ತಪ್ಪ. ಚಳಿಗಾಲದಲ್ಲಂತೂ ಬೆಳಿಗ್ಗೆ ಅಲ್ಲಾಡಲ್ಲ. ಹಿಂದಿನಿಂದ ಇಬ್ರು ತಳ್ಬೇಕು.”

ಮುನಿಯಪ್ಪ ಲೊಚಗುಟ್ಟಿದ. “ಹೊಟ್ಟೆಗೆ ಸರಿಯಾಗಿ ಹಾಕ್ತಿದೀರಾ?”

“ಹಾಕಿದಷ್ಟೂ ಕುಡೀತದೆ! ಅದರ ಹೊಟ್ಟೆ ತುಂಬ್ಸೋಕೇ ನನ್ನ ಸಂಪಾದ್ನೆ ಹೋಗ್ತಿದೆ.”

“ಎಷ್ಟು ದಿನಾಂತ ಸಾಕ್ತೀರಿ? ಯಾರಿಗಾದ್ರೂ ಕೊಟ್ಬಿಡಿ.”

“ಹಾಗನ್ಬೇಡ. ಮನೆಯವ್ರಿಗೆಲ್ಲ ಅದರ ಮೇಲೆ ಪ್ರಾಣ. ಹಬ್ಬದ ದಿನ ನನ್ನ ಮಗಳು ಮೈ ತೊಳೆದು, ಕುಂಕುಮ ಇಟ್ಟು, ಹಾರ ಹಾಕ್ತಾಳೆ.”

ಮುನಿಯಪ್ಪನ ಕಣ್ಣು ತೇವವಾಯಿತು. ನಿಜವಾಗಿ ಆಗ ನನಗೆ ಅನುಮಾನ ಬರಬೇಕಿತ್ತು. ನನ್ನ ಕಾರಿಗಾಗಿ ಅಲ್ಲಿಯವರೆಗೆ ಯಾರೂ ಅತ್ತಿರಲಿಲ್ಲ. ಆದರೆ ಬೆಲೆ ಇಳಿಯುವ ಸೂಚನೆ ಕಂಡಾಗ ಬೇರೆ ಯೋಚನೆ ಮಾಡುವ ಅಭ್ಯಾಸ ನನಗಿಲ್ಲ.

“ಒಂದು ಜೋಡಿ ಕೊಡ್ಲಾ?”

“ಎರಡು ಜೋಡಿ.”

“ಓಹೋ, ಎರಡು ಗಾಡಿ ಇಟ್ಟಿದೀರಿ! ದೊಡ್ಡ ಕುಳ ಬಿಡಿ.”

ಸಿದ್ಧಾಂತದ ಪ್ರಕಾರ ನಾನು ಇದನ್ನು ಅಲ್ಲಗಳೆಯಬೇಕಿತ್ತು. ಮನಸ್ಸಿಗೆ ಹಿತವಾಗಿತ್ತು, ಸುಮ್ಮನಿದ್ದೆ. ಅವನು ಹೇಳಿದ ಬೆಲೆ ಕೇಳಿ ಎದೆ ಒಂದು ಕ್ಷಣ ನಿಂತಿತು. ಅಷ್ಟು ಅಗ್ಗ! ಆದರೂ ಮುಖ ಹುಳ್ಳಗೆ ಮಾಡಿಕೊಂಡು ಇನ್ನಷ್ಟು ಇಳಿಸಿಯೇ ತಂದೆ.

ಪಂಕ್ಚರ್ ಅಂಗಡಿಯವನು ಟೈರು ಹಾಕುತ್ತ, “ಸಾರ್, ಇದು ಸ್ವಲ್ಪ…” ಎಂದು ರಾಗ ಎಳೆದ. “ನಿನ್ನ ಕೆಲ್ಸ ನೀನು ಮಾಡಪ್ಪ,” ಎಂದೆ. ಅವನು ಮಾಡಿದ.

ಪಕ್ಕದ ಮನೆಯ ಶ್ಯಾಮರಾಯರು ನಿವೃತ್ತ ಹೆಡ್‌ಮಾಸ್ಟರು. ಎಲ್ಲಿ ಅಕ್ಷರ ಕಂಡರೂ ಓದುವ ಚಾಳಿ ಅವರದು. ಗೇಟು ದಾಟಿ ಬಂದು, ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ಏರಿಸಿದರು.

“ಇದೇನ್ರೀ, ಎ.ಡಿ.ವಿ. ಅಂತ ಬರೆದಿದೆ?”

“ಅಡ್ವಾನ್ಸು ರಾಯರೇ! ಹೊಸ ವಿಧಾನದ ಟೈರು.”

“ಅಡ್ವಾನ್ಸ್ ಅಂದ್ರೆ ದುಡ್ಡು ಮುಂಚೆ ಕೊಡೋದಲ್ವೇ?”

“ಟೈರಿನ ವಿಷಯದಲ್ಲಿ ಬೇರೆ ಅರ್ಥ,” ಎಂದು ತಿಳಿಹೇಳಿದೆ. ನಿಮ್ಮ ಅಳಿಯನಿಗೂ ಇದನ್ನೇ ಕೊಳ್ಳಲು ಹೇಳಿ ಎಂದು ಸಲಹೆಯನ್ನೂ ಕೊಟ್ಟೆ. ಅವರ ಅಳಿಯನ ಹತ್ತಿರ ಇದ್ದದ್ದು ಸೈಕಲ್ಲು.

ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಬೀಗರಾಗಬೇಕಾದವರನ್ನು ಕೈಮುಗಿದು ಹತ್ತಿಸಿಕೊಂಡೆ. ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹೊದ್ದ ನಂಜೇಗೌಡರು ನನ್ನ ಪಕ್ಕದಲ್ಲಿ, ಅವರ ಹೆಂಡತಿ ಮತ್ತು ನಾಗರಾಜ ಹಿಂದೆ. ಹೊಸ ಟೈರಿನ ಪ್ರತಾಪ ತೋರಿಸಲೆಂದು ಆಕ್ಸಿಲರೇಟರ್ ಒತ್ತಿದೆ. ಕಾರು ಓಡಿತು. ಓಡಿದ್ದಷ್ಟೇ ಅಲ್ಲ, ಕುಣಿಯಿತು! ಗೌಡರ ಶಲ್ಯ ಜಾರಿತು. ಅವರ ಹೆಂಡತಿಯ ಕೈಯಲ್ಲಿದ್ದ ಹಣ್ಣಿನ ಚೀಲದಿಂದ ಮೂಸಂಬಿಯೊಂದು ಹಾರಿ ನನ್ನ ಕತ್ತಿಗೆ ಬಿತ್ತು.

“ಯಾಕೋ ನಮ್ಮೂರ ದಾರೀಲಿ ಹೋದಂಗೇ ಆಯ್ತದೆ,” ಎಂದರು ಆಕೆ.

“ರಸ್ತೆ ಸರಿಯಿಲ್ಲ ತಾಯಿ,” ಎಂದೆ. ಆ ರಸ್ತೆಗೆ ಆ ವಾರವಷ್ಟೇ ಡಾಂಬರು ಹಾಕಿದ್ದರು.

ಅಷ್ಟರಲ್ಲಿ ರಬ್ಬರು ಸುಟ್ಟ ವಾಸನೆ. ನಂಜೇಗೌಡರು ಮೂಗು ಅರಳಿಸಿದರು. “ಯಾರೋ ಕಸ ಸುಡ್ತಿದಾರೆ,” ಎಂದೆ. ಮಾವಳ್ಳಿಯ ಹತ್ತಿರ ಬರುವಷ್ಟರಲ್ಲಿ ‘ಢಂ’ ಎಂದು ಮುಂದಿನ ಟೈರು ಸಿಡಿಯಿತು. ಮರದ ಮೇಲಿನ ಕಾಗೆಗಳೆಲ್ಲ ಎದ್ದುಹೋದವು. ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರು ಎಂಜಲು ಕೈಯಲ್ಲೇ ಹೊರಗೆ ಓಡಿಬಂದರು.

ನಂಜೇಗೌಡರು ಇಳಿದು, ಪಂಚೆ ಎತ್ತಿ ಕಟ್ಟಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಕಾರಿನ ಮುಂಭಾಗವನ್ನು ನೋಡಿದರು. ಹಿಂಭಾಗವನ್ನೂ ನೋಡಿದರು.

“ಯಜಮಾನ್ರೇ, ಎತ್ತೆಲ್ಲಿ?”

“ಯಾವ ಎತ್ತು?”

“ಇದು ಎತ್ತಿನ ಗಾಡಿ ಟೈರು ಕಣ್ರೀ! ನಮ್ಮನೆ ಗಾಡಿಗೂ ಇದೇ ಹಾಕ್ಸಿರೋದು.”

“ಛೆ ಛೆ, ಇದು ಅಡ್ವಾನ್ಸು. ನೋಡಿ, ಎ.ಡಿ.ವಿ. ಅಂತ ಬರೆದಿದೆ.”

ನಾಗರಾಜ ಮೆಲ್ಲಗೆ ಕೆಮ್ಮಿದ. “ಸಾರ್, ಅದು ಅನಿಮಲ್ ಡ್ರಾನ್ ವೆಹಿಕಲ್, ಪ್ರಾಣಿ ಎಳೆಯೋ ಗಾಡಿ ಅಂತ. ಬ್ಯಾಂಕಲ್ಲಿ ರೈತರ ಗಾಡಿ ಸಾಲ ನೋಡೋದೇ ನನ್ನ ಕೆಲ್ಸ.”

“ಇಲ್ಲಿ ಅನಿಮಲ್ಲು ಎಲ್ಲಿದೆಯಪ್ಪ?”

ಅವನು ನನ್ನ ಮುಖವನ್ನೇ ನೋಡಿದ. ಮರ್ಯಾದಸ್ಥ ಹುಡುಗ. ಉತ್ತರ ಹೇಳಲಿಲ್ಲ.

ಕಾರಿನ ಬೆನ್ನಿಗೆ ಕಟ್ಟಿದ್ದ ಹಳೆಯ ಬೋಳು ಸ್ಟೆಪ್ನಿಯನ್ನೇ ಹಾಕಿದ್ದಾಯಿತು. ಉಳಿದ ಮೂರರ ಗತಿ? ನಂಜೇಗೌಡರು ತೀರ್ಪು ಕೊಟ್ಟರು: “ಎತ್ತಿನ ನಡಿಗೇಲಿ ಹೋದ್ರೆ ಈ ಟೈರಿಗೆ ಏನೂ ಆಗಕಿಲ್ಲ. ನೀವು ನನ್ನ ಹಿಂದೆ ಬನ್ನಿ.” ಹಾಗೆಂದವರೇ ಕಾರಿನ ಮುಂದೆ ನಡೆಯತೊಡಗಿದರು. ಒಂದು ಕೈ ಬಾನೆಟ್ಟಿನ ಮೇಲೆ. ತಿರುವು ಬಂದಾಗ ಅಭ್ಯಾಸಬಲದಿಂದ “ಹೋ… ಹೋ… ಬಲಕ್ಕೆ!” ಎಂದು ನಾಲಿಗೆಯಲ್ಲಿ ‘ಟ್ರಕ್ ಟ್ರಕ್’ ಸದ್ದು ಬೇರೆ. ಅವರು ‘ಹೋ’ ಎಂದಾಗ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು! ಮಾರ್ಕೆಟ್ಟಿನಿಂದ ಖಾಲಿ ಬರುತ್ತಿದ್ದ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಹೋಗುವಾಗ ಎಡಗಡೆಯ ಎತ್ತು ಒಮ್ಮೆ ನಮ್ಮ ಟೈರಿನ ಕಡೆ ನೋಡಿತೆಂದು ನನ್ನ ನಂಬಿಕೆ.

ಈ ಮೆರವಣಿಗೆ ಎನ್.ಆರ್. ಕಾಲೋನಿ ಮುಟ್ಟುವಾಗ ಬೀದಿಯವರೆಲ್ಲ ಗೇಟಿಗೆ ಬಂದಿದ್ದರು. “ಅಡ್ವಾನ್ಸು ಬಂತು!” ಎಂದು ಶ್ಯಾಮರಾಯರು ಘೋಷಿಸಿದರು. ಪದ್ಮ ಟೈರುಗಳನ್ನು ಒಂದೊಂದಾಗಿ ನೋಡಿ, ಬೀಗರನ್ನು ಒಳಗೆ ಕರೆದಳು.

ಗಿರಿಜೆ ಕೇಸರಿಬಾತಿನ ತಟ್ಟೆ ತಂದಿಟ್ಟಳು. ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಟೈರಿನ ಕಥೆ ಅಷ್ಟರಲ್ಲೇ ಅಡುಗೆಮನೆ ಮುಟ್ಟಿತ್ತು. ನನಗೆ ಕೂತಲ್ಲಿ ಕೂರಲಾಗದು. ಕಿಟಕಿಗೆ ಹೋದೆ, ಬಂದೆ. ಫ್ಯಾನು ಜೋರು ಮಾಡಿದೆ, ಕಡಿಮೆ ಮಾಡಿದೆ. ನಾಲ್ಕು ಟೈರಿನಲ್ಲಿ ಉಳಿಸಿದ ದುಡ್ಡಿಗೆ ಇಂಥ ಹುಡುಗ ಇನ್ನೆಲ್ಲಿ ಸಿಗುತ್ತಾನೆ? ಜೀವಮಾನದಲ್ಲಿ ಮಾಡಿದ ಚೌಕಾಸಿಯನ್ನೆಲ್ಲ ಹಿಂದಕ್ಕೆ ಕೊಟ್ಟುಬಿಡುತ್ತೇನೆಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ನಂಜೇಗೌಡರು ಕಾಫಿ ಲೋಟ ಕೆಳಗಿಟ್ಟರು. ಹೆಂಡತಿಯ ಮುಖ ನೋಡಿದರು, ಮಗನ ಮುಖ ನೋಡಿದರು. “ಹುಡುಗಿ ನಮಗೆ ಒಪ್ಪಿಗೆ. ಆದ್ರೆ ಒಂದು ಷರತ್ತು.”

ಹರಕೆ ಮರೆತುಹೋಯಿತು. ಷರತ್ತು ಎಂದ ಕೂಡಲೇ ನಾನು ಕುರ್ಚಿಯ ಅಂಚಿಗೆ ಜರುಗಿ, ಗಂಟಲು ಸರಿಮಾಡಿಕೊಂಡು, “ಅದರಲ್ಲಿ ಅರ್ಧಕ್ಕೆ…” ಎಂದು ಶುರುಮಾಡಿಯೇಬಿಟ್ಟೆ.

“ವರದಕ್ಷಿಣೆ ಅಲ್ಲ ಬುಡಿ,” ಎಂದರು ಗೌಡರು. “ಮದುವೆ ಸಾಮಾನು ಒಂದನ್ನೂ ನೀವು ಕೊಳ್ಳಕೂಡ್ದು. ತಾಳಿಯಿಂದ ಹಿಡಿದು ಊಟದೆಲೆವರ್ಗೂ.”

“ಒಪ್ಪಿಗೆ!” ಎಂದಳು ಪದ್ಮ. ಅಡುಗೆಮನೆಯ ಬಾಗಿಲಿನಿಂದ ಇನ್ನೊಂದು “ಒಪ್ಪಿಗೆ” ಬಂತು. ಅದು ನನ್ನ ಸ್ವಂತ ಮಗಳದು!

“ಊಟದೆಲೆಯಾದ್ರೂ…” ಎಂದೆ.

“ಊಹೂಂ.”

ಮದುವೆ ಚೆನ್ನಾಗಿಯೇ ನಡೆಯಿತು. ಎಲ್ಲರಿಗೂ ಕೈತುಂಬ ಕೆಲಸ. ಹೆಣ್ಣಿನ ತಂದೆಯಾದ ನನ್ನನ್ನು ಹೊಸ ಜರಿಪಂಚೆ ಉಡಿಸಿ, ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದರು. ಒಂದು ಸೀಸೆ ಪನ್ನೀರಿಗೆ ಎಷ್ಟು ಕೊಟ್ಟಿರೆಂದು ಒಳಗೆ ಹೋಗಿ ಬರುವವರನ್ನೆಲ್ಲ ಕೇಳಿದೆ. ಯಾರೂ ಬಾಯಿಬಿಡಲಿಲ್ಲ. ಚಿಮುಕಿಸುತ್ತ ನಿಂತೆ.